ತಲುಪಿದ್ದಕ್ಕೆ ಒಂದು ಕೂ

ಕುಲೆ, ಪ್ರೇತ ಎಂದು ಕಥೆ ಹೇಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಮೈ ಉರಿಯುತ್ತಿತ್ತು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಹೀಗೆ ಮೂರೂ ಕಡೆ ಲೈನ್‌ಮ್ಯಾನ್ ಆಗಿ ದುಡಿದವನು ನಾನು. ಮರ ಬಿದ್ದು ತಂತಿ ಕಡಿದರೆ ಯಾವ ಹೊತ್ತು, ಯಾವ ಗುಡ್ಡ ಎಂದು ನೋಡದೆ ಟಾರ್ಚು ಹಿಡಿದು ಹೊರಡಬೇಕು. ಸ್ಮಶಾನದ ಪಕ್ಕದ ಕಂಬ ಹತ್ತಿದ್ದೇನೆ. ಊರವರು "ಆ ಕಡೆ ಹೋಗ್ಬೇಡಿ" ಎಂದು ತಡೆದ ಹಾಳುಬಾವಿಯ ಬಳಿ ನಿಂತು ಫ್ಯೂಸು ಹಾಕಿದ್ದೇನೆ. ಒಂದೇ ಒಂದು ಕುಲೆ ಹತ್ತಿರ ಬಂದು "ಏನು ಮಾರಾಯ, ಸೌಖ್ಯವಾ?" ಎಂದು ಕೇಳಿದ್ದಿಲ್ಲ. ದೈವಕ್ಕೆ ಕೈ ಮುಗಿಯುತ್ತೇನೆ, ಅದು ಬೇರೆ. ಅದು ಮನೆತನದ ನಂಬಿಕೆ. ಆದರೆ ಸತ್ತವರು ಬಂದು ಬಾಗಿಲು ತಟ್ಟಿದರು ಎಂದು ಯಾರಾದರೂ ಹೇಳಿದರೆ "ನಿನ್ನೆ ಎಷ್ಟು ಏರಿಸಿದ್ದೆ?" ಎಂದು ಮುಖಕ್ಕೇ ಕೇಳಿಬಿಡುತ್ತಿದ್ದೆ.

ಈಗ ಹಾಗೆ ಕೇಳುವುದಿಲ್ಲ. ಅಂಥ ಮಾತು ಶುರುವಾದರೆ ಸುಮ್ಮನೆ ಎದ್ದು ಹೋಗುತ್ತೇನೆ. ನನಗೆ ನಂಬಿಕೆ ಬಂದುಬಿಟ್ಟಿದೆ ಎಂದು ತಿಳಿಯಬೇಡಿ. ಆ ಸಂಜೆ ಸೇತುವೆಯ ಮೇಲೆ ನನ್ನ ಕಿವಿಗೆ ಬಿದ್ದದ್ದನ್ನು ಎಲ್ಲಿ ಇಡಬೇಕೆಂದು ಇಷ್ಟು ವರ್ಷವಾದರೂ ನನಗೆ ಗೊತ್ತಾಗಿಲ್ಲ, ಅಷ್ಟೇ. ಓದಿ ನಗುವುದಾದರೆ ನಗಿ. ನಿಮ್ಮ ಜಾಗದಲ್ಲಿ ನಾನಿದ್ದರೆ ನಾನೂ ನಗುತ್ತಿದ್ದೆ.

ನಮ್ಮ ಮನೆ ನೇತ್ರಾವತಿಯ ದಂಡೆಯಲ್ಲಿ, ಬಂಟ್ವಾಳ ಪೇಟೆಯಿಂದ ಸ್ವಲ್ಪ ಮೇಲಕ್ಕೆ. ಕೆಳಗೆ ಅಣೆಕಟ್ಟು ಬಂದ ಮೇಲೆ ನದಿ ಇಲ್ಲಿ ಮೊದಲಿನ ನದಿಯಾಗಿ ಉಳಿದಿಲ್ಲ. ಚಳಿಗಾಲದಲ್ಲಿ ಗೇಟು ಮುಚ್ಚಿದರೆಂದರೆ ಹಿನ್ನೀರು ದಂಡೆಯ ಗದ್ದೆಗಳನ್ನೂ ನುಂಗಿಕೊಂಡು ಕಡಲಿನ ಹಾಗೆ ಹರಡಿ ನಿಲ್ಲುತ್ತದೆ. ಅದರ ಮೇಲೆ ಆಚೆ ದಡಕ್ಕೆ ಉದ್ದದ ಸೇತುವೆ ಕಟ್ಟಿದರು. ವಾಹನದ ದಾರಿಯ ಪಕ್ಕದಲ್ಲಿ, ಕಂಬಿಯಿಂದ ಬೇರೆ ಮಾಡಿದ ಕಾಲುದಾರಿ. ಆದಿತ್ಯವಾರ ಬಂತೆಂದರೆ ಮೂಡುಬಿದಿರೆಯ ಕಾಲೇಜು ಹುಡುಗರು ಗೇರಿನ ಸೈಕಲ್ಲು ತುಳಿದುಕೊಂಡು, ಮೈಗಂಟಿದ ಚಡ್ಡಿ, ತಲೆಗೆ ಹೆಲ್ಮೆಟ್ಟು ಎಲ್ಲ ಹಾಕಿಕೊಂಡು ಬರುತ್ತಾರೆ. ಸೇತುವೆಯ ನಡುವಿನಲ್ಲಿ ನಿಂತು ಸೆಲ್ಫಿ ತೆಗೆಯುತ್ತಾರೆ. ನನಗೂ ನಿವೃತ್ತಿಯಾದ ಮೇಲೆ ಸಕ್ಕರೆ ಏರಿತೆಂದು ಡಾಕ್ಟರು ಬೈದರು. ಅಟ್ಟದಲ್ಲಿದ್ದ ಹಳೆಯ ಸೈಕಲ್ಲನ್ನು ಇಳಿಸಿ, ದಿನಾ ಸಂಜೆ ದಂಡೆಯ ದಾರಿಯಲ್ಲಿ ಹೋಗಿ ಸೇತುವೆ ದಾಟಿ ಹಿಂದೆ ಬರುವ ಅಭ್ಯಾಸ ಮಾಡಿಕೊಂಡೆ. ಚೆಂದ ಉಂಟು, ಸುಳ್ಳು ಹೇಳಬಾರದು. ನೀರಿನ ಮೇಲೆ ಬೆಳ್ಳಕ್ಕಿ, ಆಚೆ ದಡದಲ್ಲಿ ತೆಂಗು, ಅದರ ಹಿಂದೆ ದೂರದಲ್ಲಿ ಘಟ್ಟದ ನೀಲಿ. ಬರುವಾಗ ಸೇತುವೆಯ ಈಚೆ ತುದಿಯಲ್ಲಿ ಎಳನೀರು ಮಾರುವ ಹಮೀದನ ಗಾಡಿಯ ಬಳಿ ನಿಂತು ಒಂದು ಬೊಂಡ ಕುಡಿಯುವುದು. "ಸಕ್ಕರೆ ಉಂಟಲ್ಲ ಅಣ್ಣ ನಿಮಗೆ, ಬೊಂಡ ಯಾಕೆ?" ಎಂದು ಅವನು ದಿನಾ ಕೇಳುತ್ತಾನೆ, ದಿನಾ ಕೆತ್ತಿ ಕೊಡುತ್ತಾನೆ.

ಈ ಹಮೀದನ ತಂದೆ ಇದಿನಬ್ಬ ಕಾಕ. ಸೇತುವೆ ಇಲ್ಲದ ಕಾಲದಲ್ಲಿ ನಮ್ಮ ಕಡವಿನ, ಅಂದರೆ ಹೊಳೆ ದಾಟುವ ಜಾಗದ, ದೋಣಿ ನಡೆಸುತ್ತಿದ್ದವರು ಅವರೇ. ದೋಣಿ ಆಚೆ ದಡದಲ್ಲಿದ್ದರೆ ಈಚೆಯವರು ಕೈಯನ್ನು ಬಾಯಿಗೆ ಅಡ್ಡ ಇಟ್ಟು ಕೂ ಹಾಕಬೇಕು. ಒಂದೊಂದು ಮನೆಗೆ ಒಂದೊಂದು ಕೂ ಇತ್ತು. ನಮ್ಮದು ಎರಡು ಗಿಡ್ಡ, ಒಂದು ಉದ್ದ. ಅದು ಕೇಳಿದ ಕೂಡಲೇ ಕಾಕ ತನ್ನ ಬಿದಿರಿನ ಗಳದಿಂದ ದೋಣಿಯ ಅಂಚಿಗೆ ಟಕ್ ಟಕ್ ಟಕ್ ಎಂದು ಮೂರು ಸಲ ಬಡಿಯುತ್ತಿದ್ದರು. ಕೇಳಿತು, ಬಂದೆ ಎಂದು ಅದರ ಅರ್ಥ. ಚಪ್ಪಲಿ ಹಾಕಿದ ಕಾಲನ್ನು ಯಾರಾದರೂ ದೋಣಿಯೊಳಗೆ ಇಟ್ಟರೋ, ಕಾಕನ ಬಾಯಿಯಿಂದ ಬರುವ ಬೈಗುಳ ಎರಡೂ ದಡಕ್ಕೆ ಕೇಳಬೇಕು. ಹಾಗಾಗಿ ದಡದಲ್ಲೇ ಕಳಚಿ ಕೈಯಲ್ಲಿ ಹಿಡಿದುಕೊಳ್ಳುವುದು, ಇಲ್ಲವೇ ಕಡವಿನ ಮೆಟ್ಟಿಲಲ್ಲಿ ಬಿಟ್ಟು ಹೋಗುವುದು ರೂಢಿ. ಜನರನ್ನು ಆಚೆ ಇಳಿಸಿದ ಮೇಲೆ ಕಾಕ ಒಂದೇ ಒಂದು ಉದ್ದದ ಕೂ ಹಾಕುತ್ತಿದ್ದರು. ನಿಮ್ಮವರು ತಲುಪಿದರು, ಇನ್ನು ನೀವು ಒಳಗೆ ಹೋಗಿ ಎಂದು. ಫೋನು ಇಲ್ಲದ ಕಾಲ ಅದು. ಆ ಕೂ ಬರುವವರೆಗೆ ಮನೆಯವರು ಅಂಗಳದಲ್ಲೇ ನಿಂತಿರುತ್ತಿದ್ದರು.

ನನ್ನ ಅಕ್ಕ ವಾರಿಜ. ನನ್ನನ್ನು ಹೆತ್ತು ಅಮ್ಮ ಹೋದಳು, ಸಾಕಿದ್ದು ಅಕ್ಕ. ಅವಳೇ ನನಗೆ ಉಣ್ಣಿಸಿದ್ದು, ಹೊಡೆದದ್ದು, ಶಾಲೆಗೆ ದಬ್ಬಿದ್ದು. ಅವಳನ್ನು ಆಚೆ ದಡದ ಮನೆಗೆ ಮದುವೆ ಮಾಡಿ ಕೊಟ್ಟ ದಿನ ನಾನು ಕಡವಿನ ಮೆಟ್ಟಿಲಲ್ಲಿ ಕೂತವನು ಏಳಲೇ ಇಲ್ಲವಂತೆ. ಮದುವೆ ಮನೆಯ ಊಟ, ಎಲೆ ಹಾಕಿ ಕರೆದರೂ ಹೋಗಲಿಲ್ಲ. "ಅಕ್ಕ ಮುಟ್ಟಿದ ಕೂ ಬರಲಿ" ಎಂದು ಒಂದೇ ಹಟ. ಕೂ ಬಂತು, ಆಮೇಲೆ ಎದ್ದು ಹೋಗಿ ಅಳುತ್ತಾ ಉಂಡೆ. ಅವತ್ತಿನಿಂದ ಅವಳು ತವರಿಗೆ ಬಂದು ಹೋಗುವ ದಿನವೆಲ್ಲ ಅದೇ ಕಥೆ. ದೊಡ್ಡವನಾಗಿ ಮೀಸೆ ಬಂದ ಮೇಲೂ ಮನೆಯಲ್ಲಿ ತಮಾಷೆ ಮಾಡುತ್ತಿದ್ದರು: "ಕೂ ಬಂತಾ ನೋಡಿ, ಬಂದಿದ್ದರೆ ಇವನಿಗೆ ಬಡಿಸಿ."

ಭಾವ ತೀರಿಹೋದರು. ಮಕ್ಕಳಿರಲಿಲ್ಲ. ಅಕ್ಕನನ್ನು ನಾನು ನಮ್ಮ ಮನೆಗೇ ಕರೆದುಕೊಂಡು ಬಂದೆ. ಆಗಲೇ ಇದಿನಬ್ಬ ಕಾಕನೂ ತೀರಿಹೋಗಿದ್ದರು, ದೋಣಿಯೂ ಇರಲಿಲ್ಲ. ಕೆಲವು ವರ್ಷ ಚೆನ್ನಾಗಿಯೇ ಇದ್ದಳು. ಆಮೇಲೆ ಮರೆವು ಶುರುವಾಯಿತು. ಮೊದಲು ಉಪ್ಪು ಹಾಕಿದ್ದು ಮರೆತಳು, ನಂತರ ನನ್ನ ಹೆಂಡತಿ ಶಶಿಕಲಾಳ ಹೆಸರು, ಕಡೆಗೆ ಭಾವ ಸತ್ತದ್ದನ್ನೇ ಮರೆತಳು. ಬೆಳಿಗ್ಗೆಯೆಲ್ಲ ತಣ್ಣಗೆ ಇರುವವಳು ಸಂಜೆಯಾಗುತ್ತಾ ಬಂದಂತೆ ಚಡಪಡಿಸಲು ತೊಡಗುವಳು. "ಮನೆಯಲ್ಲಿ ಅವರು ಕಾಯ್ತಾರೆ, ನಾನು ಹೋಗ್ತೇನೆ. ದೋಣಿ ಈಚೆ ಉಂಟಾ ನೋಡು ಮಗಾ" ಎಂದು ನನ್ನನ್ನು ದಿನಾ ಅಂಗಳಕ್ಕೆ ಕಳಿಸುವಳು. ನಾನು ಹೋಗಿ ನೋಡಿದ ಹಾಗೆ ಮಾಡಿ "ಆಚೆ ಉಂಟಕ್ಕ, ನಾಳೆ ಹೋಗುವ" ಎನ್ನುತ್ತಿದ್ದೆ.

ಅವಳ ತಲೆಯಲ್ಲಿ ಸೇತುವೆ ಇರಲೇ ಇಲ್ಲ. ಇದನ್ನು ದಯವಿಟ್ಟು ನೆನಪಿನಲ್ಲಿಡಿ. ಗಾಳಿ ಆಡಲಿ ಎಂದು ಒಮ್ಮೆ ಅವಳನ್ನು ಸೇತುವೆಯ ಮೇಲೆ ನಡೆಸಲು ಕರೆದುಕೊಂಡು ಹೋಗಿದ್ದೆ. ನಾಲ್ಕು ಹೆಜ್ಜೆ ಇಟ್ಟಳೋ ಇಲ್ಲವೋ, ಕಂಬಿಯ ಸಂದಿಯಲ್ಲಿ ಕೆಳಗಿನ ನೀರು ಕಂಡು ಕುಸಿದು ಕೂತುಬಿಟ್ಟಳು. ನನ್ನ ಅಂಗಿಯನ್ನು ಎರಡೂ ಕೈಯಿಂದ ಹಿಡಿದು "ನೀರಿನ ಮೇಲೆ ಎಂಥ ನಡೆಯುವುದು, ನಿನಗೆ ಮರ್ಲಾ?" ಎಂದು ಗಡಗಡ ನಡುಗಿದಳು. ನಾನೂ ಹಮೀದನೂ ಸೇರಿ ಎತ್ತಿಕೊಂಡೇ ಹಿಂದೆ ತರಬೇಕಾಯಿತು. ಆಮೇಲೆ ಆ ದಾರಿಗೆ ತಿರುಗಿದರೂ ಸಾಕು, ಅವಳು ಮುಖ ಮುಚ್ಚಿಕೊಳ್ಳುತ್ತಿದ್ದಳು.

ಆ ದಿನ ಮೂಡುಬಿದಿರೆಯಲ್ಲಿ ನಮ್ಮ ಸಂಬಂಧಿಕರ ಮನೆಯ ನಿಶ್ಚಿತಾರ್ಥ. ಅಕ್ಕನಿಗಾಗಿ ಶಶಿ ಮನೆಯಲ್ಲಿ ಉಳಿದಳು, ನಾನೊಬ್ಬನೇ ಹೋಗಿದ್ದೆ. ಊಟ ಮುಗಿಸಿ ಕೈ ತೊಳೆಯುತ್ತಿರುವಾಗ ಫೋನು. "ಅಕ್ಕ ಇಲ್ಲ" ಎಂದಳು ಶಶಿ. ಮಲಗಿದ್ದಾಳೆ ಎಂದು ಬಟ್ಟೆ ಒಣಗಿಸಲು ಹಿತ್ತಿಲಿಗೆ ಹೋಗಿ ಬರುವುದರೊಳಗೆ ಮಂಚ ಖಾಲಿ. ಅಕ್ಕಪಕ್ಕದ ಮನೆ, ಬಾವಿ, ತೋಡು ಎಲ್ಲ ನೋಡಿ ಆಗಿತ್ತು. "ನೀವು ಬನ್ನಿ, ಬೇಗ ಬನ್ನಿ" ಎಂದು ಅಳಲು ಶುರು ಮಾಡಿದಳು.

ಹತ್ತಿದ ಬಸ್ಸು ನಡುದಾರಿಯ ಸಿದ್ದಕಟ್ಟೆಯಲ್ಲಿ ನಿಂತದ್ದು ಹೊರಡುವುದೇ ಇಲ್ಲ. ನಾನು ಕಂಡಕ್ಟರನ ಮೇಲೆ ಹಾರಿಬಿದ್ದೆ. "ಬಿಡು ಮಾರಾಯ ಬಸ್ಸು, ಎಂಥ ಕಾಯುವುದು?" ಎಂದೆ. "ಟೈಮ್ ಆಗ್ಬೇಕಲ್ಲ ಅಣ್ಣ" ಎಂದು ಅವನು ಹಲ್ಲು ಬಿಟ್ಟ. ಅಕ್ಕ ಕಾಣೆಯಾಗಿದ್ದಾಳೆ ಎಂದು ಹೇಳಲು ಹೋಗಿ, ಮುಂದಿನ ಸೀಟಿನ ಕಂಬಿಯನ್ನು ಎರಡೂ ಕೈಯಿಂದ ಹಿಡಿದುಕೊಂಡೆ. ಅವನು ನನ್ನ ಮುಖ ನೋಡಿದ, ಮತ್ತೇನೂ ಕೇಳದೆ ಸೀಟಿ ಊದಿದ. ಆ ಹುಡುಗ ಎಲ್ಲಿದ್ದರೂ ಚೆನ್ನಾಗಿರಲಿ.

ಬಸ್ಸು ಇಳಿದು, ಅಂಗಡಿಯೊಂದರ ಬದಿಯಲ್ಲಿ ಇಟ್ಟಿದ್ದ ಸೈಕಲ್ಲು ಹತ್ತಿ ತುಳಿದೆ. ಮನೆಗೆ ಹೋಗಲಿಲ್ಲ, ನೇರ ಹಳೆಯ ಕಡವಿಗೆ ಹೋದೆ. ಅಲ್ಲಿ ಜನ ಸೇರಿದ್ದರು. ಮೆಟ್ಟಿಲುಗಳಲ್ಲಿ ಹೆಚ್ಚಿನವು ಈಗ ನೀರಿನ ಅಡಿಗೆ ಹೋಗಿವೆ, ಮೇಲಿನ ಕೆಲವು ಮಾತ್ರ ಕಾಣುತ್ತವೆ. ಅವುಗಳಲ್ಲಿ ಕೊನೆಯದರ ಮೇಲೆ ಅಕ್ಕನ ಹವಾಯಿ ಚಪ್ಪಲಿ ಇತ್ತು. ಎರಡೂ ಪಕ್ಕಪಕ್ಕದಲ್ಲಿ, ಒಪ್ಪವಾಗಿ, ನೀರಿಗೆ ಮುಖ ಮಾಡಿ.

ನೇತ್ರಾವತಿಯ ದಂಡೆಯವರಿಗೆ ಒಪ್ಪವಾಗಿ ಬಿಟ್ಟ ಚಪ್ಪಲಿ ಎಂದರೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ಯಾರೋ ಒಬ್ಬರು "ಚಪ್ಪಲಿ ಕಳಚಿಯೇ ಹೋಗಿದ್ದಾರೆ ಪಾಪ" ಎಂದರು. ನಾನು ಅವರ ಮೇಲೆ ಕಿರುಚಿದೆ: "ಹಾರಿದ್ದಲ್ಲ ಅವಳು! ದೋಣಿ ಹತ್ತಲಿಕ್ಕೆ ಕಳಚಿದ್ದು. ಕಾಕ ಬೈತಾರೆ ಅಂತ ಕಳಚಿದ್ದು!" ಹೇಳಿ ಮುಗಿಯುವ ಮೊದಲೇ ನಾನು ಏನು ಹೇಳುತ್ತಿದ್ದೇನೆಂದು ನನಗೇ ಹೊಳೆಯಿತು. ದೋಣಿ ಉಂಟು ಎಂದು ತಿಳಿದು ಹೆಜ್ಜೆ ಮುಂದಿಟ್ಟವಳಿಗೆ, ಹಾರಿದವಳಿಗೆ ಆದದ್ದೇ ಆಗುತ್ತದಲ್ಲ. ನೀರಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ.

ಈಜು ಬಲ್ಲ ಹುಡುಗರು ಮುಳುಗಿ ನೋಡುತ್ತಿದ್ದರು. ಅಗ್ನಿಶಾಮಕದವರು ಬಂದು ಹಗ್ಗ, ಕೊಕ್ಕೆ ಇಳಿಸಿದರು. ಆ ಕೊಕ್ಕೆ ನೀರೊಳಗೆ ಹೋದಾಗಲೆಲ್ಲ ನಾನು ಹಗ್ಗವನ್ನೇ ನೋಡುತ್ತಿದ್ದೆ. ಅದು ಖಾಲಿ ಬಂದರೂ ಸಂಕಟ, ಅದಕ್ಕೆ ಏನಾದರೂ ಸಿಕ್ಕೀತು ಎಂದರೂ ಸಂಕಟ. ಶಶಿ ಚಪ್ಪಲಿಯ ಪಕ್ಕದಲ್ಲೇ ಕೂತಿದ್ದಳು, ಅದನ್ನು ಯಾರೂ ಮುಟ್ಟಲು ಬಿಡಲಿಲ್ಲ. ಹಮೀದ ಗಾಡಿ ಬಿಟ್ಟು ಓಡಿ ಬಂದಿದ್ದ. "ಮಧ್ಯಾಹ್ನದಿಂದ ನಾನು ಸೇತುವೆ ಬಾಯಲ್ಲೇ ಇದ್ದೆ ಅಣ್ಣ. ಅಕ್ಕ ಆ ಕಡೆ ಬರಲೇ ಇಲ್ಲ. ಬಂದಿದ್ರೆ ನಾನು ಬಿಡ್ತಿದ್ದೆನಾ?" ಎಂದು ಹೇಳಿದ್ದನ್ನೇ ಹೇಳುತ್ತಿದ್ದ. ಬಿಸಿಲು ಕೆಂಪಾಯಿತು. ಕತ್ತಲಾದರೆ ಏನೂ ಮಾಡಲಿಕ್ಕಾಗುವುದಿಲ್ಲ, ನಾಳೆ ಬೆಳಿಗ್ಗೆ ಮತ್ತೆ ಬರುತ್ತೇವೆ ಎಂದರು. ಗುಂಪಿನಲ್ಲಿ ಒಬ್ಬ "ಬೆಳಿಗ್ಗೆಗೆ ತಾನಾಗಿ ಮೇಲೆ ಬಂದೀತು" ಎಂದ. ನನ್ನ ಅಕ್ಕ ಮಧ್ಯಾಹ್ನದವರೆಗೆ ಅವಳು, ಈಗ ಇವನ ಬಾಯಲ್ಲಿ ಅದು. ಅವನ ಕಾಲರು ಹಿಡಿದದ್ದು ನೆನಪುಂಟು, ಯಾರು ಬಿಡಿಸಿದರೆಂದು ನೆನಪಿಲ್ಲ.

ಅಲ್ಲಿ ನಿಲ್ಲಲು ನನ್ನಿಂದಾಗಲಿಲ್ಲ. ಸೈಕಲ್ಲು ಹತ್ತಿ ದಂಡೆಯ ದಾರಿಯಲ್ಲಿ ಹೊರಟೆ. ಮೇಲಿನಿಂದ ನೋಡಿದರೆ ನೀರಿನಲ್ಲಿ ಏನಾದರೂ ಕಂಡೀತು ಎಂದು ಸೇತುವೆಗೆ ಹೋದದ್ದು. ಸೀರೆಯ ಬಣ್ಣವಾದರೂ ಕಾಣಲಿ ಎಂದು ಹುಡುಕುತ್ತಿದ್ದೆ, ಕಾಣದಿರಲಿ ದೇವರೇ ಎಂದೂ ಬೇಡುತ್ತಿದ್ದೆ. ಕಾಲುದಾರಿಯಲ್ಲಿ ಒಬ್ಬನೂ ಇರಲಿಲ್ಲ. ನೋಡಲು ಬಂದವರೆಲ್ಲ ಕಡವಿನಲ್ಲಿದ್ದರು. ವಾಹನದ ದಾರಿಯೂ ಖಾಲಿ. ಸೇತುವೆಯ ನಡುವಿನಲ್ಲಿ ಸೈಕಲ್ಲನ್ನು ಕಂಬಿಗೆ ಒರಗಿಸಿ ಬಗ್ಗಿ ನೋಡಿದೆ. ಗಾಳಿಯಿಲ್ಲದ ಸಂಜೆ, ನೀರು ಅಲ್ಲಾಡುತ್ತಿರಲಿಲ್ಲ. ಅಷ್ಟು ನೀರು. ಅದರಲ್ಲಿ ಎಲ್ಲಿ ಅಂತ ಹುಡುಕುವುದು? ಅಯ್ಯೋ, ನಾನೇನು ಮಾಡಲಿ, ಯಾರನ್ನು ಕೇಳಲಿ, ಯಾರ ಕಾಲು ಹಿಡಿಯಲಿ ಎಂದು ಕಂಬಿಗೆ ಹಣೆ ಚಚ್ಚಿಕೊಂಡೆ. ನನ್ನನ್ನು ಸಾಕಿದವಳು ಒಬ್ಬಳೇ ಹೋದಳಲ್ಲ ಎಂದು ಜೋರಾಗಿ ಅತ್ತೆ.

ಆಮೇಲೆ ಯಾಕೆ ಹಾಗೆ ಮಾಡಿದೆನೋ ಗೊತ್ತಿಲ್ಲ. ಕೈಯನ್ನು ಬಾಯಿಗೆ ಅಡ್ಡ ಇಟ್ಟು ಕೂ ಹಾಕಿದೆ. ನಮ್ಮ ಮನೆಯ ಕೂ, ಎರಡು ಗಿಡ್ಡ, ಒಂದು ಉದ್ದ. ಎಷ್ಟೋ ವರ್ಷಗಳಿಂದ ಹಾಕಿರದ ಕೂ. ಅಕ್ಕ ಎಲ್ಲಾದರೂ ದಂಡೆಯ ಪೊದೆಯಲ್ಲಿ ಕೂತಿದ್ದರೆ ಗುರುತು ಹಿಡಿದು ಓಗೊಡಲಿ ಎಂಬ ಆಸೆ ಇತ್ತೋ ಏನೋ. ಗಂಟಲು ಒಡೆದು ಸ್ವರ ಸರಿಯಾಗಿ ಬರಲೂ ಇಲ್ಲ.

ಟಕ್, ಟಕ್, ಟಕ್.

ನನ್ನ ಕಾಲ ಬುಡದಿಂದ, ಸೇತುವೆಯ ಅಡಿಯ ನೀರಿನಿಂದ ಬಂತು. ಮರದ ಮೇಲೆ ಬಿದಿರು ಬಡಿದ ಶಬ್ದ. ಲಾರಿ ಹೋದರೆ ಸೇತುವೆಯ ಕೀಲುಗಳು ಶಬ್ದ ಮಾಡುತ್ತವೆ, ಅದು ನನಗೆ ಗೊತ್ತುಂಟು, ದಿನಾ ಕೇಳುವವನು ನಾನು. ಅದಲ್ಲ ಇದು. ಲಾರಿಯೂ ಇರಲಿಲ್ಲ. ಈ ಬದಿಯ ಕಂಬಿಯಿಂದ ಬಗ್ಗಿದೆ, ರಸ್ತೆ ದಾಟಿ ಓಡಿ ಆ ಬದಿಯಿಂದಲೂ ಬಗ್ಗಿದೆ. ದೋಣಿ ಇಲ್ಲ, ಮನುಷ್ಯರಿಲ್ಲ, ನೀರಿನ ಮೇಲೆ ಒಂದು ಗೆರೆಯೂ ಇಲ್ಲ. ಇನ್ನೊಮ್ಮೆ ಕೂ ಹಾಕಲು ಕೈ ಎತ್ತಿದವನು ಕಂಬಿಯನ್ನೇ ಹಿಡಿದುಕೊಂಡೆ.

ಹಾಗೆಯೇ ಎಷ್ಟು ಹೊತ್ತು ನಿಂತೆನೋ ತಿಳಿಯದು. ದೋಣಿಯೊಂದು ಈಚೆಯಿಂದ ಆಚೆ ದಡ ಮುಟ್ಟುವಷ್ಟು ಹೊತ್ತು ಎಂದು ಈಗ ಅನಿಸುತ್ತದೆ, ಅದು ಆಮೇಲೆ ನಾನೇ ಸೇರಿಸಿಕೊಂಡದ್ದೂ ಇರಬಹುದು. ಆಗ ಆಚೆ ದಡದಿಂದ ಕೂ ಬಂತು. ಒಂದೇ ಒಂದು. ಉದ್ದಕ್ಕೆ ಎಳೆದು, ಕೊನೆಗೆ ಸ್ವಲ್ಪ ಕೆಳಗಿಳಿಸಿ ಬಿಟ್ಟದ್ದು. ಆ ಕೊನೆಯನ್ನು ಹಾಗೆ ಇಳಿಸುತ್ತಿದ್ದವರು ಲೋಕದಲ್ಲಿ ಒಬ್ಬರೇ.

ಸೈಕಲ್ಲನ್ನು ಹೇಗೆ ಹತ್ತಿದೆನೋ, ಹೇಗೆ ತುಳಿದೆನೋ. ಸೇತುವೆಯ ಆಚೆ ತುದಿಯಲ್ಲಿ ಮಣ್ಣಿನ ಇಳಿಜಾರು, ಅಲ್ಲಿ ಬಿದ್ದು ಮೊಣಕಾಲು ಕಿತ್ತುಕೊಂಡೆ. ಸೈಕಲ್ಲನ್ನು ಅಲ್ಲೇ ಎಸೆದು ದಂಡೆ ಹಿಡಿದು ಓಡಿದೆ. ಆಚೆ ದಡದ ಹಳೆಯ ಕಡವಿನ ಕಟ್ಟೆಯ ಮೇಲೆ, ಮಾವಿನ ಮರದ ಬುಡದಲ್ಲಿ, ಅಕ್ಕ ಕೂತಿದ್ದಳು. ಮಡಿಲಲ್ಲಿ ಕೈ ಇಟ್ಟುಕೊಂಡು, ಯಾರಾದರೂ ಬರಲಿ ಎಂದು ಕಾಯುವವರ ಹಾಗೆ.

ನಾನು ಅವಳ ಮುಂದೆ ಹೋಗಿ ಬಿದ್ದೆ. ಕಾಲು ಹಿಡಿದುಕೊಂಡೆ. ಬರಿಗಾಲು, ತಣ್ಣಗಿತ್ತು. ಸೀರೆಯ ಅಂಚು ಒಂದು ಗೇಣಿನಷ್ಟು ಒದ್ದೆಯಾಗಿತ್ತು, ಅದರ ಮೇಲೆ ಪೂರಾ ಒಣಗಿದ್ದೇ. ಆ ಕಡವಿನಲ್ಲಿ ದೋಣಿ ದಡಕ್ಕೆ ತಾಗುತ್ತಿರಲಿಲ್ಲ. ಇಳಿದವರೆಲ್ಲ ಎರಡು ಹೆಜ್ಜೆ ನೀರಿನಲ್ಲೇ ನಡೆದು ಬರಬೇಕಿತ್ತು, ಎಲ್ಲರ ಸೀರೆಯೂ ಅಷ್ಟೇ ಒದ್ದೆಯಾಗುತ್ತಿತ್ತು.

ಅಕ್ಕ ನನ್ನ ತಲೆಯ ಮೇಲೆ ಕೈ ಇಟ್ಟಳು. ತಿಂಗಳುಗಳಿಂದ ನನ್ನನ್ನು ಒಮ್ಮೆ ತಮ್ಮ ಎಂದು, ಒಮ್ಮೆ ಭಾವ ಎಂದು ತಿಳಿಯುತ್ತಿದ್ದವಳು, ಆಗ ಸರಿಯಾಗಿ ಮುಖ ನೋಡಿದಳು. ನಾವು ಮನೆಯಲ್ಲಿ ಆಡುವುದು ತುಳು, ಅವಳು ತುಳುವಿನಲ್ಲಿ ಹೇಳಿದ್ದನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಯಾಕೆ ಅಳ್ತೀ ಮಗಾ? ಕೂ ಕೇಳಿತಲ್ಲ? ಇನ್ನು ಹೋಗಿ ಊಟ ಮಾಡು."

"ಯಾರು ಕರೆದುಕೊಂಡು ಬಂದದ್ದಕ್ಕ?" ಎಂದು ಕೇಳಿದೆ. ಎಂಥ ಪ್ರಶ್ನೆ ಕೇಳುತ್ತಾನಪ್ಪ ಇವನು ಎನ್ನುವ ಹಾಗೆ ನೋಡಿದಳು. "ಇದಿನಬ್ಬ ಅಲ್ಲದೆ ಮತ್ತೆ ಯಾರು? ಈಗಷ್ಟೇ ಹೋದ" ಎಂದು ನೀರಿನ ಕಡೆಗೆ ಗಲ್ಲ ಎತ್ತಿ ತೋರಿಸಿದಳು. ಅಲ್ಲಿ ಕತ್ತಲು ಕೂಡುತ್ತಿತ್ತು, ಬೇರೇನೂ ಇರಲಿಲ್ಲ.

ಹಮೀದನಿಗೆ ಫೋನು ಮಾಡಿದೆ. ಅವನು ಯಾರದೋ ಆಟೋ ಹಿಡಿದು ಶಶಿಯನ್ನು ಕೂರಿಸಿಕೊಂಡು ಬಂದ. ಶಶಿ ಅಕ್ಕನನ್ನು ತಬ್ಬಿಕೊಂಡು ಅತ್ತದ್ದು, ಅಕ್ಕ "ಯಾರಿವಳು ಪಾಪ" ಎಂದು ಅವಳ ಬೆನ್ನು ಸವರಿದ್ದು, ಅದೆಲ್ಲ ಆಯಿತು. ಹಿಂದೆ ಬರುವಾಗ ಸೇತುವೆ ಬಂದ ಕೂಡಲೇ ಅಕ್ಕ ಹೆದರಿ ಕೂಗತೊಡಗಿದಳು. ಅವಳ ಸೆರಗನ್ನೇ ಮುಖಕ್ಕೆ ಹೊದೆಸಿ, ಇಬ್ಬರೂ ಎರಡು ಬದಿಯಿಂದ ಹಿಡಿದುಕೊಂಡು ದಾಟಿಸಿದೆವು. ಇಂಥವಳು ಆ ಸೇತುವೆಯನ್ನು ಒಬ್ಬಳೇ, ಬರಿಗಾಲಲ್ಲಿ, ಹಮೀದನ ಕಣ್ಣು ತಪ್ಪಿಸಿ ನಡೆದು ದಾಟಿದಳು ಎಂದು ನೀವು ಹೇಳಿದರೆ ನಾನು ಜಗಳ ಮಾಡುವುದಿಲ್ಲ. ನನಗೂ ಹಾಗೆಯೇ ಆಗಿರಲಿ ಎಂದು ಆಸೆ.

ಅಕ್ಕನನ್ನು ಮಲಗಿಸಿ ಹೊರಗೆ ಬಂದರೆ ಹಮೀದ ಅಂಗಳದಲ್ಲೇ ನಿಂತಿದ್ದ. "ನನಗೆ ಏನೂ ಕೇಳಿಸಲಿಲ್ಲ ಅಣ್ಣ" ಎಂದ. ಕೇಳಿಸಿತಾ ಎಂದು ನಾನು ಇನ್ನೂ ವಿಚಾರಿಸಿಯೇ ಇರಲಿಲ್ಲ. ಅಷ್ಟು ಹೇಳಿ ಆಟೋ ಹತ್ತಿ ಹೋದ. ಮರುದಿನ ಅವನ ಗಾಡಿ ಇರಲಿಲ್ಲ. ತಂದೆಯ ಕಬರಿನ ಹತ್ತಿರ ಹೋಗಿ ಬಂದನೆಂದು ಬೇರೆಯವರಿಂದ ತಿಳಿಯಿತು. ಇವತ್ತಿನವರೆಗೂ ನಮ್ಮಿಬ್ಬರ ನಡುವೆ ಆ ಮಾತು ಬಂದಿಲ್ಲ. ಬೊಂಡ ಕೆತ್ತಿ ಕೊಡುತ್ತಾನೆ, ನಾನು ಕುಡಿಯುತ್ತೇನೆ.

ನಾನು ಸುಮ್ಮನೆ ಕೂತವನಲ್ಲ. ಕಂಬದಲ್ಲಿ ಕರೆಂಟು ಇಲ್ಲದಿದ್ದರೆ ಎಲ್ಲಿ ಕಡಿದಿದೆ ಎಂದು ಹುಡುಕಿಯೇ ತೀರಬೇಕಾದ ಕೆಲಸ ಮಾಡಿದವನು. ಮರಳಿನ ದೋಣಿಯವರು ಕದ್ದುಮುಚ್ಚಿ ಬಂದವರು ಅವಳನ್ನು ಕಂಡು ದಾಟಿಸಿರಬಹುದೇ ಎಂದು ಒಬ್ಬೊಬ್ಬರನ್ನೂ ಹಿಡಿದು ಕೇಳಿದೆ. ಪೊಲೀಸರಿಗೆ ಹೇಳುವುದಿಲ್ಲ ಎಂದು ಆಣೆ ಹಾಕಿದೆ. ಆ ದಿನ ಯಾರ ದೋಣಿಯೂ ನೀರಿಗೆ ಇಳಿದಿರಲಿಲ್ಲ ಎಂದರು. ಗಾಳ ಹಾಕುವವರನ್ನು ಕೇಳಿದೆ, ಅವರೂ ಇಲ್ಲ ಎಂದರು. ಆಚೆ ದಡದ ಮನೆಗಳಲ್ಲಿ ಆ ಹೊತ್ತಿಗೆ ಯಾರಾದರೂ ದನ ಕರೆಯಲು ಕೂ ಹಾಕಿದ್ದರಾ ಎಂದು ವಿಚಾರಿಸಿದೆ. "ದನ ಯಾರ ಮನೆಯಲ್ಲುಂಟು ಈಗ?" ಎಂದು ನಕ್ಕರು. ದುಃಖದಲ್ಲಿ ಕಿವಿ ಏನನ್ನಾದರೂ ಕೇಳಿಸಿಕೊಳ್ಳುತ್ತದೆ ಎಂದು ಡಾಕ್ಟರು ಹೇಳಿದರು. ಸರಿ ಡಾಕ್ಟರೇ, ಒಪ್ಪಿದೆ. ಹಾಗಾದರೆ ಅಕ್ಕ ಆಚೆ ಹೋದದ್ದು ಯಾರ ಕಿವಿಯಿಂದ?

ಅಕ್ಕ ಆಮೇಲೂ ನಮ್ಮೊಂದಿಗೆ ಇದ್ದಳು. ವಿಚಿತ್ರವೆಂದರೆ ಸಂಜೆಯ ಚಡಪಡಿಕೆ ನಿಂತೇಹೋಯಿತು. ದೋಣಿ ಉಂಟಾ ನೋಡು ಎಂದು ಒಮ್ಮೆಯೂ ಕೇಳಲಿಲ್ಲ. ಕಳೆದ ಮಳೆಗಾಲದ ಆಟಿ ತಿಂಗಳಲ್ಲಿ, ಗೇಟು ಎಲ್ಲ ತೆರೆದು ನದಿ ಕೆಂಪಗೆ ಹರಿಯುತ್ತಿದ್ದಾಗ, ಒಂದು ಬೆಳಿಗ್ಗೆ ನನ್ನ ಕೈ ಹಿಡಿದುಕೊಂಡೇ ಹೋದಳು. ಕೊನೆಯ ದಿನಗಳಲ್ಲಿ ಮಾತಿರಲಿಲ್ಲ. ನಾನೇ ಬೆಂಕಿ ಕೊಟ್ಟೆ. ಉತ್ತರಕ್ರಿಯೆಯ ಬೊಜ್ಜ ಮಾಡಿದೆವು, ಎಲೆ ಹಾಕಿ ಹೆಸರು ಹಿಡಿದು ಕರೆದು ಬಡಿಸಿದೆವು. ಮಾಡಬೇಕಾದದ್ದನ್ನೆಲ್ಲ ಮಾಡಿದೆ, ಒಂದನ್ನೂ ಬಿಡಲಿಲ್ಲ.

ಈಗ ಮತ್ತೆ ಗೇಟು ಮುಚ್ಚಿದ್ದಾರೆ, ಹಿನ್ನೀರು ತುಂಬಿ ನಿಂತಿದೆ. ನಾನು ಸಂಜೆ ಸೈಕಲ್ಲು ತೆಗೆದುಕೊಂಡು ಹೋಗುತ್ತೇನೆ. ಮೊದಲಿನ ಹಾಗೆ ಆಚೆಯವರೆಗೆ ಹೋಗುವುದಿಲ್ಲ. ಸೇತುವೆಯ ನಡುವಿನಲ್ಲಿ ಅದೇ ಜಾಗದಲ್ಲಿ ಕಂಬಿಗೆ ಒರಗಿಸಿ ನಿಲ್ಲುತ್ತೇನೆ. ಕೂ ಹಾಕುವುದಿಲ್ಲ. ಹಾಕುವುದು ನನ್ನ ಕೆಲಸ ಅಲ್ಲ, ಹೋಗುವವರು ಹೋಗಿ ಆಗಿದೆ. ಅಕ್ಕ ಮುಟ್ಟಿದಳು ಎಂದು ಆಚೆಯಿಂದ ಬರಬೇಕಾದ ಕೂ ಒಂದು ಬಾಕಿ ಉಂಟು, ಅದಕ್ಕೆ ನಿಲ್ಲುವುದು. ಕುಲೆ ಪ್ರೇತ ಎಂದವರ ಮುಖಕ್ಕೆ ಹೊಡೆದ ಹಾಗೆ ಮಾತಾಡುತ್ತಿದ್ದ ನಾನು, ಈ ವಯಸ್ಸಿನಲ್ಲಿ, ಸೆಲ್ಫಿ ತೆಗೆಯುವ ಹುಡುಗರ ಮಧ್ಯೆ, ಕಿವಿ ಕೊಟ್ಟುಕೊಂಡು ನಿಂತಿರುತ್ತೇನೆ. ಇದುವರೆಗೆ ಬಂದಿಲ್ಲ. ಎಷ್ಟು ದೂರದ ದಡವೋ ಅದು, ಯಾರಿಗೆ ಗೊತ್ತು.

ಕತ್ತಲಾದ ಮೇಲೆ ಮನೆಗೆ ಬರುತ್ತೇನೆ. ಶಶಿ ಬಟ್ಟಲು ಇಟ್ಟು ಕಾಯುತ್ತಿರುತ್ತಾಳೆ. "ಬಡಿಸಲಾ?" ಎಂದು ಕೇಳುತ್ತಾಳೆ.

"ಸ್ವಲ್ಪ ತಡಿ" ಎನ್ನುತ್ತೇನೆ.